ತೊದಲುವ ಗೋಪುರ

ಲಿಫ್ಟ್ ರಿಪೇರಿಯವರ ನಡುವೆ ಅವನಿಗೆ ಹಗ್ಗದಯ್ಯ ಅಂತ ಹೆಸರು ಬಿದ್ದಿತ್ತು. ಯಾವ ಕಟ್ಟಡಕ್ಕೆ ಹೋದರೂ ಅಷ್ಟೇ, ಚಿಂದಿ ಬಟ್ಟೆ ಸುತ್ತಿದ ಕೈಯಿಂದ ಉಕ್ಕಿನ ಹಗ್ಗಗಳನ್ನು ಸವರಿ ನೋಡದೆ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಜೊತೆಗಾರರು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದವರೇ ಅವನು ನೋಡಿಬಿಟ್ಟ ಲಿಫ್ಟಿನಲ್ಲಿ ನಿಶ್ಚಿಂತೆಯಿಂದ ಹತ್ತಿ ಇಳಿಯುತ್ತಿದ್ದರು.

ಅಂಥವನಿಗೆ ಕೈಕೊಟ್ಟದ್ದು ಹಗ್ಗವಲ್ಲ, ಬ್ರೇಕು.

ಅವತ್ತು ಒಂದು ಎತ್ತರದ ಆಫೀಸು ಕಟ್ಟಡದಲ್ಲಿ, ಲಿಫ್ಟ್ ಓಡಾಡುವ ಬಾವಿಯೊಳಗೆ, ಕ್ಯಾಬಿನ್ನಿನ ತಲೆಯ ಮೇಲೆ ನಿಂತು ಅವನು ಎಣ್ಣೆ ಹಾಕುತ್ತಿದ್ದ. ಕಾಲಡಿಯ ಕ್ಯಾಬಿನ್ ತಾನಾಗಿ ಸರಿಯತೊಡಗಿತು. ಕೆಳಕ್ಕಲ್ಲ, ಮೇಲಕ್ಕೆ. ಲಿಫ್ಟ್ ಎಲ್ಲಿ ಕೆಳಗೆ ಬೀಳುತ್ತದೋ ಅಂತ ಜನ ಹೆದರುತ್ತಾರೆ. ಆದರೆ ಖಾಲಿ ಕ್ಯಾಬಿನ್ನಿಗಿಂತ ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕಬ್ಬಿಣದ ಗಟ್ಟಿಗಳ ಭಾರವೇ ಹೆಚ್ಚು. ಬ್ರೇಕು ಜಾರಿದರೆ ಆ ಭಾರ ಕೆಳಗಿಳಿದು ಕ್ಯಾಬಿನ್ನನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಇದು ಗೊತ್ತಿದ್ದದ್ದರಿಂದ ಮುಂದೇನಾಗುತ್ತದೆ ಅನ್ನುವುದೂ ಅವನಿಗೆ ಆ ಗಳಿಗೆಯಲ್ಲೇ ಕಂಡುಬಿಟ್ಟಿತು. ನಿಲ್ಲಿಸುವ ಗುಂಡಿ ಒತ್ತಿದ. ನಿಲ್ಲಲಿಲ್ಲ. ಕತ್ತಲಲ್ಲಿದ್ದ ಕಾಂಕ್ರೀಟಿನ ತೊಲೆಗಳು ಒಂದೊಂದಾಗಿ ಸ್ಪಷ್ಟವಾಗುತ್ತ ಬಂದವು. ಅವನು ಬೋರಲು ಬಿದ್ದು ಕೆನ್ನೆಯನ್ನು ತಗಡಿಗೆ ಒತ್ತಿಕೊಂಡ. ಗಟ್ಟಿಗಳು ಬಾವಿಯ ತಳಕ್ಕೆ ಬಡಿದು ಕ್ಯಾಬಿನ್ ನಿಂತಾಗ ಅವನ ಬೆನ್ನಿಗೂ ತೊಲೆಗೂ ನಡುವೆ ಒಂದು ಗೇಣು ಜಾಗವಿತ್ತು.

ಮೈಮೇಲೆ ಒಂದು ತರಚು ಗಾಯವೂ ಆಗಿರಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು. ಮಾರನೆಯ ಬೆಳಿಗ್ಗೆ ಅವನು ಇನ್ನೊಂದು ಕಟ್ಟಡದ ಲಿಫ್ಟಿನೆದುರು ನಿಂತ. ಬಾಗಿಲು ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು, ಮುಚ್ಚಿತು. ಅವನ ಕಾಲು ಏಳಲೇ ಇಲ್ಲ.

ಮೇಲ್ವಿಚಾರಕ ಕೆಟ್ಟವನಲ್ಲ. "ಸ್ವಲ್ಪ ದಿನ ಫೋನ್ ಮೇಜಿನ ಹತ್ರ ಕೂತ್ಕೊಳಪ್ಪ, ಆಮೇಲೆ ನೋಡೋಣ" ಅಂದ. ಹಾಗೆ ಹಗ್ಗದಯ್ಯ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಫೋನು ಎತ್ತುವ ಕೆಲಸಕ್ಕೆ ಬಂದ. ಅಳುವವರು, ಬೈಯುವವರು, ಉಸಿರು ಕಟ್ಟುತ್ತಿದೆ ಅನ್ನುವವರು. ಅವನು ಮೆತ್ತಗೆ, "ಗಾಬರಿಯಾಗಬೇಡಿ, ಗಾಳಿ ಬರ್ತಾ ಇರತ್ತೆ, ನಮ್ಮವರು ಹೊರಟಿದಾರೆ" ಅನ್ನುತ್ತಿದ್ದ. ಅವನ ದನಿ ಕೇಳಿದರೆ ಸಮಾಧಾನ ಆಗುತ್ತದೆ ಅಂತ ಹೊಗಳಿಕೆಯೂ ಬಂತು. ಫೋನಿಟ್ಟ ಮೇಲೆ ಅವನು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುವುದು, ಅಂಗಿಯ ಬೆನ್ನು ಒದ್ದೆಯಾಗುವುದು ಆಫೀಸಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ, ಮೆಟ್ಟಿಲು ಹತ್ತಿದರೆ ಮೈಗೆ ಒಳ್ಳೆಯದು ಅಂತ ಹೆಂಡತಿಗೆ ಹೇಳಿದ್ದ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಜನ ಯಾವ ಕಾಯಿಲೆಗೆ ಯಾವ ಸುಳ್ಳು ಹೇಳುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಆದರೂ ಸುಮ್ಮನಿದ್ದಳು.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಹೆಂಡತಿಯ ತಂಗಿ. ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ, ಅದಕ್ಕೆ ಮನೆಮಂದಿಯೆಲ್ಲ ಚೂಟಿ ಅಂತಲೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಸಿಕ್ಕಿದ್ದರಿಂದ ಅಕ್ಕನ ಮನೆಗೆ ಬಂದು ಸೇರಿಕೊಂಡಿದ್ದಳು. ಸಂಜೆ ಮನೆಗೆ ಬಂದರೆ ಅವಳಿಗೆ ಒಂದೇ ಚಟ, ಕಂಪ್ಯೂಟರ್ ಆಟ. ನಡುಮನೆಯ ಮೂಲೆಯಲ್ಲಿದ್ದ ಆ ಡೆಸ್ಕ್‌ಟಾಪ್ ಅಕ್ಕ ಓದುವ ಕಾಲದಲ್ಲಿ ಕೊಂಡದ್ದು. ಚಾಲೂ ಮಾಡಿ ಸ್ನಾನಕ್ಕೆ ಹೋಗಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು.

ಒಂದು ಸಂಜೆ ಹಗ್ಗದಯ್ಯ ಅವಳ ಹಿಂದೆ ಬಂದು ನಿಂತ. ಪರದೆಯ ಮೇಲೆ ಒಂದು ಪಾಳುಬಿದ್ದ ಗೋಪುರ. ಅದರ ಹೊಟ್ಟೆಯೊಳಗೆ ದೀಪ ಹಿಡಿದ ಒಬ್ಬಳು ಹುಡುಗಿ, ಸರಪಳಿಗೆ ಕಟ್ಟಿದ ಕಲ್ಲಿನ ಹಾಸಿನ ಮೇಲೆ ನಿಂತು ಕತ್ತಲಲ್ಲಿ ಮೇಲೆ ಮೇಲೆ ಹೋಗುತ್ತಿದ್ದಾಳೆ. ತುದಿಯಲ್ಲಿ ಅಡ್ಡಡ್ಡ ತೊಲೆಗಳು. ಹಾಸು ತೊಲೆಗೆ ಬಡಿಯುವ ಮುಂಚೆ ಪಕ್ಕದ ಗೂಡಿಗೆ ಹಾರಬೇಕು. ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಅಷ್ಟರಲ್ಲಿ ಚಿತ್ರ ಗಕ್ಕನೆ ನಿಂತಿತು, ಎರಡು ಸಲ ತೊದಲಿತು, ಮುಗ್ಗರಿಸಿ ಮುಂದೆ ಹೋಯಿತು. ಹುಡುಗಿ ಆಗಲೇ ಜಜ್ಜಿಹೋಗಿದ್ದಳು.

"ಥತ್!" ಚೂಟಿ ಮೇಜಿಗೆ ಗುದ್ದಿದಳು. "ನಾನು ಹಾರ್ದೆ ಭಾವ! ಈ ಡಬ್ಬಿಗೆ ಅದು ಗೊತ್ತಾಗೋ ಹೊತ್ತಿಗೆ ನಾನು ಸತ್ತಿರ್ತೀನಿ."

ಹಗ್ಗದಯ್ಯ ಉಸಿರು ಬಿಟ್ಟ. ಚಿತ್ರ ತೊದಲಿದ ಆ ಗಳಿಗೆಯಲ್ಲಿ ಅದು ಬರೀ ಚಿತ್ರವಾಗಿತ್ತು, ಅವನಿಗೆ ಉಸಿರಾಡಲು ಆಗಿತ್ತು. ಅದನ್ನು ಹೇಳದೆ, "ಒಳಗಡೆ ಯಾವತ್ತಾದ್ರೂ ಬಿಚ್ಚಿ ನೋಡಿದೀಯಾ?" ಅಂತ ಮಾತ್ರ ಕೇಳಿದ. ಕಾಯಿಲೆ ಬಿದ್ದ ಯಂತ್ರ ಎದುರಿಗಿದ್ದರೆ ಅವನಿಗೆ ಕೈ ಕಟ್ಟಿಕೊಂಡು ಇರಲಾಗುತ್ತಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಇಬ್ಬರೂ ಡಬ್ಬಿಯನ್ನು ಹಳೆ ಬೆಡ್‌ಶೀಟಿನ ಮೇಲೆ ಮಲಗಿಸಿದರು. ಪಕ್ಕದ ತಗಡು ತೆಗೆದದ್ದೇ ತಡ, ಹೆಂಡತಿ ಸೆರಗು ಮೂಗಿಗೆ ಒತ್ತಿಕೊಂಡು, "ಅಯ್ಯೋ, ದಿಂಬಿನ ಹತ್ತಿ ತುಂಬಿದೀರೇನ್ರೀ ಇದಕ್ಕೆ?" ಅಂದಳು. ಫ್ಯಾನಿನ ರೆಕ್ಕೆಗಳು ಬೂದು ಧೂಳಿನಲ್ಲಿ ಹೂತುಹೋಗಿದ್ದವು. ಅದರಡಿಯ ಲೋಹದ ಬಾಚಣಿಗೆಯಂಥ ಭಾಗದ ಒಂದು ಹಲ್ಲೂ ಕಾಣುತ್ತಿರಲಿಲ್ಲ.

"ಇದಕ್ಕೆ ಉಸಿರು ಕಟ್ಟಿದೆ ಅಷ್ಟೇ" ಅಂದ ಹಗ್ಗದಯ್ಯ.

"ಬಿಸಿ ಜಾಸ್ತಿ ಆದ್ರೆ ಅದೇ ನಿಧಾನ ಮಾಡ್ಕೊಳತ್ತಂತೆ ಭಾವ, ಸುಟ್ಟುಹೋಗಬಾರದು ಅಂತ." ಚೂಟಿ ಮೊಬೈಲಿನಲ್ಲಿ ಯಾರೋ ಬರೆದದ್ದನ್ನು ಓದಿ ಹೇಳುತ್ತಿದ್ದಳು. "ಬಿಸಿ ಎಳ್ಕೊಳೋಕೆ ಚಿಪ್ಪಿನ ಮೇಲೆ ಹಚ್ಚಿರೋ ಪೇಸ್ಟ್ ಒಣಗಿದ್ರೆ ಒರೆಸಿ ಹೊಸದು ಹಚ್ಚಬೇಕಂತೆ. ಕಡಲೆಕಾಳಿನಷ್ಟು ಸಾಕಂತೆ."

ಅವನು ಬಣ್ಣದ ಬ್ರಷ್ಷಿನಿಂದ ಧೂಳು ಬಿಡಿಸಿದ. ಸೀದುಹೋದ ಹಿಟ್ಟಿನಂತೆ ಒಣಗಿದ್ದ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಹೊಸದು ಹಚ್ಚಿದ. ಎಷ್ಟೋ ದಿನದ ಮೇಲೆ ಅವನ ಕೈಗಳು ನಡುಗದೆ ಕೆಲಸ ಮಾಡುತ್ತಿರುವುದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಚೂಟಿ ಇನ್ನೊಂದು ಹಳೆ ಯಂತ್ರದಿಂದ ಬಿಚ್ಚಿದ ರ್ಯಾಮ್ ಪಟ್ಟಿಯನ್ನು ಎಲ್ಲಿಂದಲೋ ತಂದಿದ್ದಳು, ಅದು ಖಾಲಿ ಸ್ಲಾಟಿನಲ್ಲಿ ಟಕ್ಕೆಂದು ಕೂತಿತು. ಕರಕರ ಅನ್ನುತ್ತಿದ್ದ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಸದ್ದು ಮಾಡದ, ಚುರುಕಾದ ಎಸ್‌ಎಸ್‌ಡಿ ಬಂತು. ಆಮೇಲಿನದು ಚೂಟಿಯ ಪಾಲು: ಚಾಲೂ ಆಗುವಾಗಲೇ ಕರೆಯದೆ ಬಂದು ಕೂರುವ ಪ್ರೋಗ್ರಾಮುಗಳನ್ನೆಲ್ಲ ಓಡಿಸಿದಳು, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹೊಸದು ಹಾಕಿದಳು, ಆಟದ ಸೆಟಿಂಗ್ಸಿನಲ್ಲಿ ಯಂತ್ರಕ್ಕೆ ಭಾರವಾಗುತ್ತಿದ್ದ ನೆರಳುಗಳನ್ನು ತೆಗೆದಳು, ಚಿತ್ರದ ಅಳತೆ ಒಂದು ಮೆಟ್ಟಿಲು ಇಳಿಸಿದಳು.

"ಬನ್ನಿ ಭಾವ, ನೀವೇ ಮೊದಲು ಆಡಿ. ವೈದ್ಯರು ನೀವು."

ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಅವನು ಕೂತ. ಕಲ್ಲಿನ ಹಾಸು ಅಲುಗಿತು, ಸರಪಳಿ ಕಿರುಗುಟ್ಟಿತು, ಏರತೊಡಗಿತು. ಈ ಸಲ ಚಿತ್ರ ತೊದಲಲಿಲ್ಲ. ಗೋಡೆಯ ಇಟ್ಟಿಗೆಗಳು ಎಣ್ಣೆ ಸುರಿದ ಹಾಗೆ ಕೆಳಕ್ಕೆ ಜಾರಿದವು. ಎಲ್ಲೂ ತಡೆಯಿಲ್ಲ, ಉಸಿರಾಡಲು ಬಿರುಕಿಲ್ಲ. ಕಾಲಡಿಯ ನೆಲವೇ ಏಳುತ್ತಿದೆ ಅಂತ ಅವನ ಹೊಟ್ಟೆ ಹೇಳಿತು. ಮೇಲೆ, ಕತ್ತಲೊಳಗಿಂದ, ತೊಲೆಗಳು ಒಂದೊಂದಾಗಿ ಸ್ಪಷ್ಟವಾಗುತ್ತ ಬಂದವು.

ಕುರ್ಚಿ ಹಿಂದಕ್ಕೆ ಉರುಳಿತು. ಹಗ್ಗದಯ್ಯ ನೆಲದ ಮೇಲೆ ಬೋರಲಾಗಿ ಬಿದ್ದು ಕೆನ್ನೆಯನ್ನು ತಣ್ಣನೆಯ ಟೈಲಿಗೆ ಒತ್ತಿಕೊಂಡಿದ್ದ. ಎರಡೂ ಕೈ ತಲೆಯ ಮೇಲಿದ್ದವು. ಬಾಯಿಂದ ಬರುತ್ತಿದ್ದದ್ದು ಮಾತಲ್ಲ.

ಚೂಟಿ ಹೆದರಿ ಪ್ಲಗ್ಗನ್ನೇ ಕಿತ್ತಳು. ಹೆಂಡತಿ ಓಡಿಬಂದು ಅವನ ಪಕ್ಕದಲ್ಲಿ ಕೂತಳು, ಮುಟ್ಟಲಿಲ್ಲ, ಕಾದಳು. ಕೊನೆಗೆ ಅವನು ಎದ್ದು ಗೋಡೆಗೊರಗಿ ಎಲ್ಲ ಹೇಳಿದ. ಒಂದು ಗೇಣಿನ ವಿಷಯ ಹೇಳಿದ. ಫೋನ್ ಮೇಜಿನ ವಿಷಯ ಹೇಳಿದ. ಒದ್ದೆ ಅಂಗಿಗಳ ವಿಷಯ ಹೆಂಡತಿಗೆ ಮೊದಲೇ ಗೊತ್ತಿತ್ತಂತೆ. ಒಗೆಯುವವಳು ಅವಳೇ ತಾನೇ.

"ಆ ಆಟ ತೆಗೆದುಹಾಕ್ತೀನಿ ಭಾವ" ಅಂದಳು ಚೂಟಿ. ಅಳು ಬರುವ ಹಾಗಿತ್ತು ಅವಳಿಗೆ.

ಅವನು ಕಪ್ಪಾದ ಪರದೆಯ ಕಡೆ ತಿರುಗಿದ. ಆಮೇಲೆ, "ಅದನ್ನ ಮತ್ತೆ ತೊದಲೋ ಹಾಗೆ ಮಾಡೋಕಾಗತ್ತಾ?" ಅಂತ ಕೇಳಿದ.

"ಅಂದ್ರೆ?"

"ಮೊದಲು ಹೇಗಿತ್ತೋ ಹಾಗೆ. ನಿಂತು ನಿಂತು ಹೋಗೋ ಹಾಗೆ."

ಇಷ್ಟು ಕಷ್ಟಪಟ್ಟು ನುಣುಪು ಮಾಡಿದ್ದನ್ನು ಕೆಡಿಸು ಅನ್ನುವವನನ್ನು ಚೂಟಿ ಕಂಡಿರಲಿಲ್ಲ. ಆದರೆ ಕೂತು ನೆರಳುಗಳನ್ನೆಲ್ಲ ಮತ್ತೆ ಹಾಕಿದಳು, ಆ ಕಾರ್ಡು ಹೊರಲಾರದಷ್ಟು ದೊಡ್ಡ ಅಳತೆಯ ಚಿತ್ರ ಹೇರಿದಳು. ಗೋಪುರ ತೊದಲತೊಡಗಿತು.

ಅವತ್ತಿನಿಂದ ಸಂಜೆ ಕೆಲಸದಿಂದ ಬಂದವನು ಕೈಕಾಲು ತೊಳೆದು ಅಲ್ಲಿ ಕೂರುತ್ತಿದ್ದ. ಮೊದಮೊದಲು ಹಾಸು ಅಲುಗಿದ ಕೂಡಲೇ ಕಣ್ಣು ಮುಚ್ಚುತ್ತಿದ್ದ. ಚೂಟಿ ಪಕ್ಕದಲ್ಲಿ ಕೂತು, "ಈಗ ಮೊದಲನೇ ಗೂಡು, ಈಗ ಎರಡನೇದು" ಅಂತ ಹೇಳುತ್ತಿದ್ದಳು. ಕಣ್ಣು ತೆರೆಯುವುದು ರೂಢಿಯಾದ ಮೇಲೆ, "ನೆರಳು ಒಂದು ತೆಗಿ" ಅನ್ನುತ್ತಿದ್ದ. ಚಿತ್ರ ಒಂದಿಷ್ಟು ನುಣುಪಾಗುತ್ತಿತ್ತು, ಅವನು ಮತ್ತೆ ಬೆವರುತ್ತಿದ್ದ. ಕೆಲವು ಸಂಜೆ ಎದ್ದು ಹೋಗಿ ವಾಂತಿ ಮಾಡಿಕೊಂಡು ಬಂದದ್ದುಂಟು. ಒಂದು ಸಂಜೆ ಕೀಬೋರ್ಡನ್ನು ಗೋಡೆಗೆ ಎಸೆದು, ಮಾರನೆಯ ದಿನ ಮಾತಾಡದೆ ಬೇರೆ ತಂದಿಟ್ಟ. ಹೆಂಡತಿಗೆ ಇದೆಲ್ಲ ಸರಿಬರಲಿಲ್ಲ.

"ಡಾಕ್ಟರ ಹತ್ರ ಹೋಗೋಣ ಬನ್ನಿ ಅಂದ್ರೆ ಕಂಪ್ಯೂಟರ್ ಮುಂದೆ ಕೂತು ಸಾಯ್ತೀರಲ್ಲ!"

"ಹೋಗೋಣ ಮಾರಾಯ್ತಿ. ಡಾಕ್ಟರ ಕೋಣೆ ಐದನೇ ಮಹಡೀಲಿದೆ, ಹತ್ತೋಕೆ ಉಸಿರು ಬೇಡ್ವಾ?" ಅಂದ. ಮೂವರೂ ನಕ್ಕರು. ಹೋದದ್ದೂ ನಿಜ, ಮೆಟ್ಟಿಲಲ್ಲೇ. ಡಾಕ್ಟರು ಮಾತ್ರೆ ಕೊಟ್ಟರು, ಆಟದ ವಿಷಯ ಕೇಳಿ, ನಿಧಾನವಾಗಿ ಹೆಚ್ಚಿಸಿಕೊಂಡು ಹೋಗಿ, ಒಬ್ಬರೇ ಇರುವಾಗ ಬೇಡ ಅಂದರು.

ಗೋಪುರದ ತುದಿಯನ್ನು ಅವನು ಇನ್ನೂ ಮುಟ್ಟಿರಲಿಲ್ಲ. ಎಲ್ಲ ನೆರಳು ತೆಗೆದ ನುಣುಪಿನಲ್ಲಿ ಆ ಮೊದಲ ಸಲದ ಮೇಲೆ ಒಮ್ಮೆಯೂ ಆಡಿರಲಿಲ್ಲ. ಅಷ್ಟರಲ್ಲಿ ಆ ಭಾನುವಾರ ಬಂತು.

ಅವರ ಕಟ್ಟಡದ ಲಿಫ್ಟ್ ಬಹಳ ಹಳೆಯದು, ಎಳೆದು ಮುಚ್ಚುವ ಸರಳುಗೇಟಿನದು. ಒಳಗೆ ನಿಂತರೆ ಮಹಡಿಗಳ ನಡುವಿನ ಬರಿ ಗೋಡೆ ಕಾಣುತ್ತದೆ. ಹೊರಬಾಗಿಲಿಗೆ ಗಾಜಿನ ಪಟ್ಟಿಯಿದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಬೇರೆ ಯಾವುದೋ ಕಂಪನಿ, ಬಂದು ನೋಡಿದವರನ್ನು ಯಾರೂ ಇತ್ತೀಚೆಗೆ ಕಂಡಿರಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಚೂಟಿ ಸಾಮಾನು ತರಲು ಹೋಗಿದ್ದಳು. ಹಗ್ಗದಯ್ಯ ಬಾಲ್ಕನಿಯಲ್ಲಿ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದ. ಫೋನು ಬಡಿದುಕೊಂಡಿತು.

"ಭಾವ." ಅವಳ ದನಿ ಬಹಳ ಚಿಕ್ಕದಾಗಿತ್ತು. "ನಾನು ಲಿಫ್ಟಲ್ಲಿದೀನಿ. ಎರಡನೇ ಮಹಡಿ ಗುಂಡಿ ಒತ್ತಿದೆ, ನಿಲ್ಲಲಿಲ್ಲ. ಎಲ್ಲ ಲೈಟೂ ಆರಿಹೋಗಿದೆ, ಆದ್ರೂ ಮೇಲೆ ಹೋಗ್ತಾ ಇದೆ. ಸ್ವಲ್ಪ ಹೋಗತ್ತೆ, ನಿಲ್ಲತ್ತೆ, ಮತ್ತೆ ಹೋಗತ್ತೆ."

ಅವನ ಕೈಯಲ್ಲಿದ್ದ ಸೂಜಿ ಬೆರಳಿಗೆ ಇಳಿದದ್ದು ಅವನಿಗೆ ತಿಳಿಯಲಿಲ್ಲ. ಕರೆಂಟಿಲ್ಲದೆ ಮೇಲೆ ಹೋಗುತ್ತಿದೆ ಅಂದರೆ ಎಳೆಯುತ್ತಿರುವುದು ಮೋಟಾರಲ್ಲ.

"ಈಗ ಎಲ್ಲಿದೀಯ?"

"ಐದು ದಾಟ್ತು. ಬರೀ ಗೋಡೆ. ಯಾರೋ ಮೇಲಿಂದ ಕೂಗ್ತಿದಾರೆ, ಕಬ್ಬಿಣದ ರಾಡು ತರ್ತಿದಾರಂತೆ, ಬಾಗಿಲು ಮೀಟಿ ನನ್ನ ಎಳ್ಕೋತಾರಂತೆ."

ಕ್ಯಾಬಿನ್ನಿಂದ ಅರ್ಧ ಮೈ ಹೊರಗೆ ಹಾಕಿದವಳನ್ನು ಇಟ್ಟುಕೊಂಡು ಅದು ಮತ್ತೆ ಮೇಲಕ್ಕೆ ಜಾರಿದರೆ ಏನಾಗುತ್ತದೆ ಅನ್ನುವುದನ್ನು ಅವನು ಯೋಚಿಸಬೇಕಿರಲಿಲ್ಲ.

"ಚೂಟಿ, ಕೇಳು. ಯಾರು ಕೈ ಚಾಚಿದ್ರೂ ಹೋಗಬೇಡ. ಗೇಟು ಮುಟ್ಟಬೇಡ. ನಡುವೆ ನೆಲದ ಮೇಲೆ ಕೂತ್ಕೋ, ಫೋನ್ ಇಡಬೇಡ." ಫೋನ್ ಮೇಜಿನ ದನಿ ತಾನಾಗಿ ಬಂದಿತ್ತು. ಕಾಲು ಮಾತ್ರ ಬರಲಿಲ್ಲ. ಹೊಸ್ತಿಲಲ್ಲಿ ಅವನು ಕಂಬದಂತೆ ನಿಂತುಬಿಟ್ಟ.

ಹೆಂಡತಿ ಅಡುಗೆಮನೆಯಿಂದ ಬಂದಳು. ಅವನ ಮುಖ ನೋಡಿದಳು, ಫೋನಿನಿಂದ ಬರುತ್ತಿದ್ದ ತಂಗಿಯ ಉಸಿರು ಕೇಳಿದಳು. ಅವನ ಮುಂಗೈ ಹಿಡಿದು ಮೆಟ್ಟಿಲ ಕಡೆಗೆ ಎಳೆದಳು. ಮೊದಲ ಮೆಟ್ಟಿಲು ಏರಿದ ಮೇಲೆ ಉಳಿದವನ್ನು ಹೇಗೋ ಏರಿದ.

ಆರನೆಯ ಮಹಡಿಯಲ್ಲಿ ಜನ ಸೇರಿದ್ದರು. ಒಬ್ಬ ದಪ್ಪಗಿನವನು ರಾಡನ್ನು ಬಾಗಿಲ ಸಂದಿಗೆ ತುರುಕಿ ಮೀಟುತ್ತಿದ್ದ. ಕೆಳಗಿನಿಂದ ಕಾವಲುಗಾರನೂ ಓಡಿಬಂದಿದ್ದ.

"ಬಿಡಿ ಅದನ್ನ!" ಹಗ್ಗದಯ್ಯ ಕಿರುಚಿದ. ಕಟ್ಟಡದಲ್ಲಿ ಅವನ ದನಿ ಯಾರೂ ಅಷ್ಟು ಜೋರಾಗಿ ಕೇಳಿರಲಿಲ್ಲ. "ಅವಳ ಸೊಂಟ ಬಾಗಿಲಲ್ಲಿದ್ದಾಗ ಅದು ಮೇಲೆ ಹೋದ್ರೆ ಎರಡು ತುಂಡಾಗ್ತಾಳೆ. ಬಿಡಿ ಅಂದೆ!"

ದಪ್ಪಗಿನವನ ಕೈಯಿಂದ ರಾಡು ಬಿತ್ತು. ಹಗ್ಗದಯ್ಯ ಕಾವಲುಗಾರನಿಂದ ಮೋಟಾರು ಕೋಣೆಯ ಬೀಗದ ಕೈ ಇಸಿದುಕೊಂಡ. "ನೀನು ಇಲ್ಲೇ ನಿಂತಿರು. ನಾನು ಹೇಳೋವರೆಗೂ ಈ ಬಾಗಿಲು ತೆಗೀಬೇಡ. ಯಾರನ್ನೂ ತೆಗೆಯೋಕೆ ಬಿಡಬೇಡ."

"ಆಯ್ತಣ್ಣ."

ಮಹಡಿಗಳು ಮುಗಿದ ಮೇಲೆ ಒಂದು ಕಬ್ಬಿಣದ ಏಣಿ, ಅದರ ತುದಿಯಲ್ಲಿ ತಗ್ಗು ಚಾವಣಿಯ ಕೋಣೆ. ಬಾಗಿಲು ತೆರೆದ ಕೂಡಲೇ ಬಿಸಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಅವತ್ತಿನದೇ ವಾಸನೆ. ಚಾವಣಿ ತಲೆಗೆ ತಾಗುವಷ್ಟು ಹತ್ತಿರವಿತ್ತು. ಅದು ಇಳಿಯುತ್ತಿದೆ ಅನ್ನಿಸಿತು. ಹೆಂಡತಿ ಹಿಂದಿನಿಂದ ಬಂದು ಅವನ ಬೆನ್ನಿಗೆ ಅಂಗೈ ಇಟ್ಟಳು.

"ಏನು ಮಾಡಬೇಕು ಹೇಳಿ. ನಂಗೆ ಏನೂ ಗೊತ್ತಿಲ್ಲ, ನೀವೇ ಹೇಳಬೇಕು."

ಅವನು ಮೊದಲು ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗಿಳಿಸಿದ, ಎಲ್ಲಾದರೂ ಕರೆಂಟು ಬಂದುಬಿಟ್ಟರೆ ಅಂತ. ಮೊಬೈಲಿನ ಬೆಳಕು ಬಿಟ್ಟ. ಬ್ರೇಕಿನ ಪಟ್ಟಿಗಳು ಎಣ್ಣೆಯಲ್ಲಿ ನೆನೆದು ಹೊಳೆಯುತ್ತಿದ್ದವು. ಗೇರಿನ ಡಬ್ಬಿಯಿಂದ ಹನಿ ಹನಿಯಾಗಿ ಎಷ್ಟು ಕಾಲದಿಂದ ಸೋರುತ್ತಿತ್ತೋ. ಅವನು ನೋಡುತ್ತಿದ್ದಂತೆಯೇ ಹಗ್ಗದ ದೊಡ್ಡ ಗಾಲಿ ಒಂದು ಬೆರಳಗಲ ತಿರುಗಿತು, ನಿಂತಿತು. ಫೋನಿನಲ್ಲಿ ಚೂಟಿ ಸಣ್ಣಗೆ ಚೀರಿದಳು.

ಗಾಲಿಯ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಚಕ್ರವಿತ್ತು. ಹಗ್ಗದಯ್ಯ ಅದನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಕೆಳಗೆ ತೂಗುತ್ತಿದ್ದ ಭಾರವೆಲ್ಲ ಗೇರಿನ ಹಲ್ಲುಗಳ ಮೂಲಕ ಹಾದು, ಒಂದು ಸಣ್ಣ ಜಗ್ಗಾಟವಾಗಿ ಅವನ ಅಂಗೈಗೆ ಬಂತು. ತಡೆಯಬಹುದಾದ ಜಗ್ಗಾಟ. ಅದು ಅವನಿಗೆ ಗೊತ್ತಿತ್ತು. ಕೈಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ.

"ಆ ಹಿಡಿ ನೋಡು, ಕೆಂಪು ಬಣ್ಣದ್ದು. ಅದನ್ನ ಕೆಳಗೆ ಒತ್ತಿದ್ರೆ ಬ್ರೇಕು ಪೂರ್ತಿ ಬಿಡತ್ತೆ. ಆಗ ನಾನು ಚಕ್ರ ಹಿಡ್ಕೊಂಡು ಮೆಲ್ಲಗೆ ಆರನೇ ಮಹಡಿ ಮಟ್ಟಕ್ಕೆ ತರ್ತೀನಿ. ನಾನು 'ಒತ್ತು' ಅಂದಾಗ ಒತ್ತು, 'ಬಿಡು' ಅಂದ ತಕ್ಷಣ ಬಿಡು."

"ಸರಿ." ಅವಳು ಎರಡೂ ಕೈಯನ್ನು ಹಿಡಿಯ ಮೇಲಿಟ್ಟಳು. ಅಂಗಡಿಯಲ್ಲಿ ಔಷಧಿ ಅಳೆಯುವಾಗ ಇರುವ ಮುಖವೇ ಆಗ ಅವಳದ್ದಿತ್ತು. "ಹೇಳಿ."

ಅವನು ಹೇಳಲಿಲ್ಲ.

ಉಳಿದಿದ್ದ ಆ ಅರೆಬರೆ ಬ್ರೇಕನ್ನೂ ತನ್ನ ಬಾಯಿಂದಲೇ ಬಿಡಿಸಬೇಕಿತ್ತು. ಚಕ್ರ ಕೈಜಾರಿದರೆ ಅವಳನ್ನು ಹೊತ್ತ ಡಬ್ಬಿ ಈ ಕೋಣೆಯ ನೆಲದಡಿಗೆ ಬಂದು ಗುದ್ದುತ್ತದೆ, ಒಳಗಿದ್ದವಳು ಚಾವಣಿಗೆ ಎಸೆಯಲ್ಪಡುತ್ತಾಳೆ. ಅವನ ಕಣ್ಣಿಗೆ ತೊಲೆಗಳೇ ಕಾಣುತ್ತಿದ್ದವು. ಬೆವರು ರೆಪ್ಪೆಯಿಂದ ಕೆಳಗಿಳಿಯಿತು. ಒರೆಸಿಕೊಳ್ಳಲು ಕೈ ತೆಗೆಯುವಂತಿರಲಿಲ್ಲ.

"ಹೇಳೀಂದ್ರೆ" ಅಂದಳು ಹೆಂಡತಿ.

ನೆಲದ ಮೇಲಿಟ್ಟಿದ್ದ ಫೋನಿನಿಂದ ಚೂಟಿ ಮಾತಾಡಿದಳು. "ಭಾವ, ಇದೀರಾ? ನಂಗೆ ತುಂಬಾ ಭಯ ಆಗ್ತಿದೆ ಭಾವ."

ಫೋನ್ ಮೇಜಿನಲ್ಲಿ ಇಂಥ ಮಾತಿಗೆ ಹೇಳುವ ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಗಾಬರಿಯಾಗಬೇಡಿ, ಗಾಳಿ ಬರ್ತಾ ಇರತ್ತೆ. ಅದು ಬರಲಿಲ್ಲ.

"ನಂಗೂ ಭಯ ಆಗ್ತಿದೆ ಕಣೇ" ಅಂದ. "ಕೈ ನಡುಗ್ತಿದೆ. ಆದ್ರೆ ಹಿಡ್ಕೊಂಡಿದೀನಿ."

ಅತ್ತಕಡೆಯಿಂದ ಚೂಟಿ ಕೇಳಿದಳು: "ನಿಜವಾಗ್ಲೂ ಹಿಡ್ಕೊಂಡಿದೀರಾ?"

"ಹಿಡ್ಕೊಂಡಿದೀನಿ. ನಿನ್ನೆದುರು ಏನು ಕಾಣತ್ತೋ ಅದನ್ನ ಹೇಳ್ತಾ ಹೋಗು." ಆಮೇಲೆ ಹೆಂಡತಿಯ ಕಡೆ ತಿರುಗಿ, ಗೊಗ್ಗರು ದನಿಯಲ್ಲಿ, "ಒತ್ತು" ಅಂದ.

ಬ್ರೇಕಿನ ದವಡೆಗಳು ಬಿಚ್ಚಿಕೊಂಡವು. ಚಕ್ರ ಅವನ ಅಂಗೈಯಲ್ಲಿ ಜೀವ ಬಂದಂತೆ ಎಳೆಯಿತು. ಅವನು ಹಲ್ಲು ಕಚ್ಚಿ ತಡೆದ, ಒಂದಿಷ್ಟು ಬಿಟ್ಟ, ಮತ್ತೆ ತಡೆದ.

"ಗೋಡೆ ಜಾರ್ತಿದೆ" ಅಂದಳು ಚೂಟಿ. "ಗೋಡೆ. ಗೋಡೆ. ಈಗ ಬೆಳಕು, ಮೇಲ್ಗಡೆ ಗಾಜಲ್ಲಿ. ಯಾರದೋ ಚಪ್ಪಲಿ ಕಾಣ್ತಿದೆ. ಮಂಡಿ ಕಾಣ್ತಿದೆ."

"ಬಿಡು!" ಹೆಂಡತಿ ಹಿಡಿ ಬಿಟ್ಟಳು. ದವಡೆಗಳು ಕಚ್ಚಿದವು, ಜಾರಿದವು, ಅವನ ತೋಳು ಜಗ್ಗಿತು, ನಿಂತಿತು. ಅವನು ಒಂದು ಉಸಿರು ತೆಗೆದುಕೊಂಡ. "ಒತ್ತು."

"ನೆಲ ನನ್ನ ಎದೆ ಮಟ್ಟಕ್ಕಿದೆ. ಕೂತಿದೀನಲ್ಲ, ಎದೆ ಮಟ್ಟ. ಈಗ ಸೊಂಟ. ಇನ್ನೊಂದು ಚೂರು. ಇನ್ನೊಂದು. ಸಾಕು ಭಾವ, ಸಾಕು ಸಾಕು!"

"ಬಿಡು!"

ಅವನು ತನ್ನ ಇಡೀ ಮೈಯನ್ನು ಚಕ್ರದ ಮೇಲೆ ಹಾಕಿ ಅವುಚಿಕೊಂಡ. "ಏಳಬೇಡ ಇನ್ನೂ. ನಾನು ಹೇಳೋವರೆಗೂ ಏಳಬೇಡ." ಹೆಂಡತಿ ಏಣಿಯ ಬಾಯಿಗೆ ಓಡಿ ಕಾವಲುಗಾರನಿಗೆ ಕೂಗಿ ಹೇಳಿದಳು. ಕೆಳಗೆ ಬೀಗ ತಿರುಗುವ ಸದ್ದು, ಸರಳುಗೇಟು ಸರಿಯುವ ಸದ್ದು. "ಈಗ! ಒಂದೇ ಸಲಕ್ಕೆ ಬಾ, ಹಿಂದೆ ನೋಡಬೇಡ!" ಅಂದ ಹಗ್ಗದಯ್ಯ.

ಫೋನಿನಲ್ಲಿ ಗದ್ದಲ ಕೇಳಿಸಿತು, ಯಾರೋ ಅಳುವುದು, ಹಲವರು ಒಟ್ಟಿಗೆ ಮಾತಾಡುವುದು. ಕಾವಲುಗಾರ ಕೆಳಗಿನಿಂದ "ಬಂದ್ರಣ್ಣ, ಹೊರಗೆ ಬಂದ್ರು!" ಅಂತ ಕೂಗಿದ. ಹಗ್ಗದಯ್ಯ ಚಕ್ರ ಬಿಡಲಿಲ್ಲ. ಹೆಂಡತಿ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು.

"ಬಾಗಿಲು ಹಾಕಿದಾರಾ ಅಂತ ಕೇಳು ಮೊದಲು. ಆಮೇಲೆ ಬಿಡ್ತೀನಿ."

ಬಾಗಿಲು ಹಾಕಿದ್ದಾರೆ ಅಂತ ಖಾತ್ರಿಯಾದ ಮೇಲೆ ಅವಳು ತಂದುಕೊಟ್ಟ ಹಲಗೆಯನ್ನು ಚಕ್ರದ ಕಡ್ಡಿಗಳ ನಡುವೆ ಅಡ್ಡಕೊಟ್ಟು ಕೈ ತೆಗೆದ. ಏಣಿಯನ್ನು ಕೂತುಕೊಂಡೇ ಇಳಿದ. ಆರನೆಯ ಮಹಡಿಯ ಮೆಟ್ಟಿಲಲ್ಲಿ ಚೂಟಿ ಸಾಮಾನಿನ ಚೀಲವನ್ನು ತಬ್ಬಿಕೊಂಡು ಕೂತಿದ್ದಳು. ಅದನ್ನು ಒಳಗೇ ಬಿಟ್ಟು ಬರಬೇಕು ಅಂತ ಅವಳಿಗೆ ಹೊಳೆದಿರಲೇ ಇಲ್ಲ. ಅವನೂ ಅದೇ ಮೆಟ್ಟಿಲಲ್ಲಿ ಕುಸಿದು ಕೂತ. ಹೆಂಡತಿ ಇಬ್ಬರ ನಡುವೆ ಜಾಗ ಮಾಡಿಕೊಂಡಳು.

ಆ ಲಿಫ್ಟಿಗೆ ಬೀಗ ಬಿತ್ತು. ಕಟ್ಟಡದವರೆಲ್ಲ ಮೆಟ್ಟಿಲು ಹತ್ತುತ್ತ ಏದುಸಿರು ಬಿಟ್ಟರು. ಹೆಂಡತಿ ಸಿಕ್ಕಸಿಕ್ಕವರಿಗೆಲ್ಲ ಅವನಿಗೆ ಧೈರ್ಯ ಬಂದದ್ದು ಆ ಆಟದ ಮಹಿಮೆ ಅಂತ ಹೇಳಿಕೊಂಡು ಬಂದಳು. ಬೈದವಳೂ ಅವಳೇ ಅಂತ ನೆನಪಿಸಿದರೆ ಕೇಳಿಸದವಳಂತೆ ಇರುತ್ತಿದ್ದಳು. ಹಗ್ಗದಯ್ಯನಿಗೆ ಹಾಗನ್ನಿಸಲಿಲ್ಲ. ಅವತ್ತು ತನಗೆ ಭಯ ಒಂದು ಗುಂಜಿಯಷ್ಟೂ ಕಡಿಮೆಯಾಗಿರಲಿಲ್ಲ ಅಂತ ಅವನು ಡಾಕ್ಟರಿಗೆ ಹೇಳಿದ. ಅವರು ತಲೆಯಾಡಿಸಿ ಮಾತ್ರೆ ಮುಂದುವರಿಸಿ ಅಂದರು.

ಮಳೆಗಾಲ ಕಳೆದ ಮೇಲೆ ಅವನು ಮೇಲ್ವಿಚಾರಕನ ಹತ್ತಿರ ಹೋಗಿ, ಬಾವಿಯೊಳಗೆ ಇಳಿಯುತ್ತೇನೆ, ಆದರೆ ಮೋಟಾರು ಕೋಣೆಯಲ್ಲಿ ಒಬ್ಬ ನಿಂತಿರಬೇಕು, ಬ್ರೇಕನ್ನು ಮೊದಲು ನಾನೇ ಬಿಚ್ಚಿ ನೋಡಬೇಕು ಅಂದ. ಮೇಲ್ವಿಚಾರಕ ಗೊಣಗಿ ಒಪ್ಪಿದ. ಆ ಬೆಳಿಗ್ಗೆ ಬ್ರೇಕು ನೋಡಿ ಮುಗಿಸುವುದರಲ್ಲೇ ಅರ್ಧ ಹೊತ್ತು ಹೋಯಿತು. ಜೊತೆಗಾರರು ಅವನಿಗೆ ಹೊಸ ಅಡ್ಡಹೆಸರು ಹುಡುಕುತ್ತಿದ್ದರು. ಅವನು ಕೇಳಿಸಿಕೊಂಡು ಸುಮ್ಮನೆ ಬಾವಿಯ ಬಾಗಿಲ ಹತ್ತಿರ ಬಂದ. ಕ್ಯಾಬಿನ್ನಿನ ತಲೆ ನೆಲದ ಮಟ್ಟಕ್ಕೆ ನಿಂತಿತ್ತು, ಧೂಳು ಹಿಡಿದ ಚೌಕಾಕಾರದ ತಗಡು. ಮೊದಲು ಒಂದು ಕಾಲಿಟ್ಟ. ಅದು ಅವನ ಭಾರಕ್ಕೆ ಸ್ವಲ್ಪ ಅಲುಗಿತು. ಚೌಕಟ್ಟು ಹಿಡಿದು ಇನ್ನೊಂದು ಕಾಲನ್ನೂ ತಂದಿಟ್ಟು, ಕಣ್ಣೆತ್ತಿ ಮೇಲಿನ ಕತ್ತಲನ್ನು ನೋಡಿದ.

"ಎಲ್ಲ ಸರಿಯಿದ್ಯಾ?" ಹೊರಗಿನಿಂದ ಮೇಲ್ವಿಚಾರಕ ಕೂಗಿದ.

"ಇಲ್ಲ" ಅಂದ ಹಗ್ಗದಯ್ಯ. "ಸ್ವಲ್ಪ ತಡೀರಿ. ನಾನು ಹೇಳ್ತೀನಿ."

ಅವರು ಕಾದರು.